ಬಳಸಿದ್ದರಿಂದಲೇ ಉಳಿದ ಗುಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ರೋಮನ್ನರ ಗುಡಿ ಅಂದ ಕೂಡಲೇ ನಿಮ್ಮ ಕಣ್ಣಿಗೆ ಕಟ್ಟುವುದೇನು? ನಾಲ್ಕು ಮುರುಕು ಕಂಬ, ಸುತ್ತಲೂ ಹುಲ್ಲು. ನಾನು ಇವತ್ತು ಹೇಳಹೊರಟ ಗುಡಿ ಹಾಗಿಲ್ಲ. ದಕ್ಷಿಣ ಫ್ರಾನ್ಸಿನ ನೀಮ್ ಪಟ್ಟಣದ ನಟ್ಟನಡುವೆ, ಎತ್ತರದ ಜಗಲಿಯ ಮೇಲೆ, 30 ಕಂಬಗಳ ಸಮೇತ ಇಡಿಯಾಗಿ ನಿಂತಿದೆ. ಹೆಸರು ಮೇಸೋಂ ಕಾರೇ, ಅಂದರೆ ಚೌಕದ ಮನೆ. ವಯಸ್ಸು ಸುಮಾರು 2000 ವರ್ಷ.

ಹೇಗೆ ಉಳಿಯಿತು? ಜನ ಅದನ್ನು ಬಳಸುತ್ತಲೇ ಬಂದರು, ಅದಕ್ಕೇ ಉಳಿಯಿತು. ಪೂಜೆ ನಿಂತ ಮೇಲೆ ಊರಿನ ಹಿರಿಯರು ಸಭೆ ಸೇರುವ ಮನೆಯಾಯಿತು. ಆಮೇಲೆ ಯಾರದೋ ವಾಸದ ಮನೆ, ಕುದುರೆ ಲಾಯ. 1670ರ ಹೊತ್ತಿಗೆ ಕ್ರೈಸ್ತ ಸನ್ಯಾಸಿಗಳು ಕೊಂಡು ಚರ್ಚ್ ಮಾಡಿದರು. ಫ್ರೆಂಚ್ ಕ್ರಾಂತಿಯಾದ ಮೇಲೆ ಸರ್ಕಾರಿ ಕಚೇರಿ, 1823ರಲ್ಲಿ ವಸ್ತು ಸಂಗ್ರಹಾಲಯವಾಯಿತು. ಲಾಯ ಮಾಡಿದರೆಂದು ಮೂಗು ಮುರಿಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಕುದುರೆ ಕಟ್ಟುವವನಿಗೂ ಗೋಡೆ ಬೇಕು, ಸೂರು ಬೇಕು. ಯಾರಿಗೂ ಬೇಡವಾದ ಗುಡಿಯ ಕಲ್ಲು ಪಕ್ಕದ ಮನೆಯ ಪಾಯಕ್ಕೆ ಹೋಗುತ್ತದೆ.

ಇನ್ನು ನನಗೆ ತುಂಬ ಪ್ರಿಯವಾದ ಕಥೆ. ಗುಡಿ ಯಾರಿಗಾಗಿ ಕಟ್ಟಿದ್ದೆಂದು ಶತಮಾನಗಳ ಕಾಲ ಊರಿಗೇ ಮರೆತುಹೋಗಿತ್ತು. ಮುಂಭಾಗದ ಮೇಲೆ ಕಂಚಿನ ಅಕ್ಷರಗಳಿದ್ದವು. ಅವನ್ನು ಯಾವಾಗಲೋ ಕಿತ್ತಿದ್ದರು. ಉಳಿದದ್ದು ತೂತುಗಳು ಮಾತ್ರ. ನಮ್ಮ ಮನೆ ಬಾಗಿಲ ಹೆಸರಿನ ಫಲಕ ತೆಗೆದರೆ ಮೊಳೆಯ ತೂತು ಉಳಿಯುವುದಿಲ್ಲವೇ, ಹಾಗೆ. ಅದೇ ಊರಿನ ಸೆಗಿಯೆ ಎಂಬ ಸಸ್ಯಶಾಸ್ತ್ರಜ್ಞ 1758ರಲ್ಲಿ ಅಟ್ಟಣಿಗೆ ಕಟ್ಟಿಸಿ ಮೇಲೆ ಹತ್ತಿದ. ಕಲ್ಲಿಗೆ ಕಾಗದ ಹಿಡಿದು ಒಂದೊಂದು ತೂತನ್ನೂ ಗುರುತು ಹಾಕಿಕೊಂಡ. ಈ ಎರಡು ತೂತಿಗೆ ಯಾವ ಅಕ್ಷರ ಕೂರುತ್ತದೆ, ಆ ಮೂರಕ್ಕೆ ಯಾವುದು? ಒಂದೇ ಬಗೆಯ ತೂತಿಗೆ ಎರಡು ಮೂರು ಅಕ್ಷರ ಹೊಂದಬಹುದು, ಅಲ್ಲೇ ಕಷ್ಟ. ಆ ಖಾಲಿ ತೂತುಗಳಿಂದಲೇ ಎರಡು ಹೆಸರು ಎದ್ದು ಬಂದವು: ಗಾಯಸ್, ಲೂಸಿಯಸ್. ಚಕ್ರವರ್ತಿ ಅಗಸ್ಟಸ್‌ನ ಮಗಳ ಮಕ್ಕಳು. ತನ್ನ ನಂತರ ಆಳಲಿ ಎಂದು ಅವನೇ ದತ್ತು ತೆಗೆದುಕೊಂಡ ಹುಡುಗರು. ಲೂಸಿಯಸ್ ಕ್ರಿ.ಶ. 2ರಲ್ಲಿ ತೀರಿಕೊಂಡ, 18 ವರ್ಷ. ಗಾಯಸ್ ಕ್ರಿ.ಶ. 4ರಲ್ಲಿ, 23 ವರ್ಷ. ಅಜ್ಜ ಇನ್ನೂ ಬದುಕಿದ್ದ. ಇದನ್ನು ಹೇಳುವಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಯೋಚಿಸಿ, ತೂತು ಓದಬೇಕಾದರೂ ಗೋಡೆ ನಿಂತಿರಬೇಕಲ್ಲ! ಬಳಸಿದ್ದರಿಂದ ನಿಂತಿತ್ತು.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮುಂದೆ ಅಮೆರಿಕದ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ ಈ ಗುಡಿಗೆ ಮನಸೋತು, ಅಲ್ಲಿನ ವರ್ಜೀನಿಯಾ ರಾಜ್ಯದ ಶಾಸನಸಭೆಯ ಕಟ್ಟಡಕ್ಕೆ ಇದನ್ನೇ ಮಾದರಿ ಮಾಡಿಕೊಂಡರು. 2023ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಲ್ಲಿಗೆ ಹೋದರೆ ದಯವಿಟ್ಟು ಕೆಳಗೆ ನಿಂತು ಫೋಟೊ ಹೊಡೆದು ವಾಪಸು ಬರಬೇಡಿ. ಮೊದಲು ಕತ್ತೆತ್ತಿ ಆ ತೂತುಗಳನ್ನು ಹುಡುಕಿ. ಆಮೇಲೆ ಮೆಟ್ಟಿಲು ಹತ್ತಿ, 15 ಇವೆ. ಗುಡಿಯ ಮೆಟ್ಟಿಲು ಬೆಸ ಸಂಖ್ಯೆಯಲ್ಲಿರಬೇಕೆಂದು ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್ ಬರೆದಿದ್ದಾನೆ. ಬಲಗಾಲಿಟ್ಟು ಶುರು ಮಾಡಿ, ಮೇಲಿನ ಮೆಟ್ಟಿಲಿಗೂ ಬಲಗಾಲೇ ಬರುತ್ತದೆ.

ನಮಸ್ಕಾರ.