ಪೂಜೆಯೂ ಅವರದ್ದೇ, ಪಾಲೂ ಅವರದ್ದೇ

ನಮಸ್ಕಾರ. ಶಾಸ್ತ್ರದಲ್ಲಿ ಹೆಣ್ಣಿನ ಸ್ಥಾನ ಏನು ಅಂತ ಚರ್ಚೆ ಶುರುವಾದರೆ ಸಾಕು, ಒಬ್ಬರು 'ಯತ್ರ ನಾರ್ಯಸ್ತು ಪೂಜ್ಯಂತೇ' ಅಂತಾರೆ, ಇನ್ನೊಬ್ಬರು 'ನ ಸ್ತ್ರೀ ಸ್ವಾತಂತ್ರ್ಯಮರ್ಹತಿ' ಅಂತಾರೆ. ಎರಡೂ ಮನುಸ್ಮೃತಿಯವೇ. ಮೂರನೇ ಅಧ್ಯಾಯದಲ್ಲಿ ಪೂಜೆ, ಒಂಬತ್ತರಲ್ಲಿ ಕಾವಲು. ನನಗೆ ಇವೆರಡರ ಮಧ್ಯೆ ಜಗಳವೇ ಕಾಣೋದಿಲ್ಲ. ಪೂಜೆಯ ಶ್ಲೋಕಕ್ಕೆ ಒಂದು ಹೆಜ್ಜೆ ಹಿಂದೆ ಹೋಗಿ ಓದಿ: ತಮಗೆ ಒಳ್ಳೆಯದಾಗಬೇಕು ಅನ್ನೋ ಅಪ್ಪ, ಅಣ್ಣತಮ್ಮ, ಗಂಡ, ಮೈದುನ ಹೆಣ್ಣಿಗೆ ಒಡವೆ ಕೊಟ್ಟು ಗೌರವಿಸಬೇಕಂತೆ. ಕೊಡೋ ಕೈ ಅವರದ್ದೇ, ಒಳ್ಳೆಯದಾಗೋದೂ ಅವರಿಗೇ!

ಆದರೆ ಹೆಣ್ಣನ್ನು ಗಟ್ಟಿಯಾಗಿ ಕಟ್ಟಿಹಾಕಿದ್ದು ಇಂಥ ಶ್ಲೋಕಕ್ಕಿಂತ ಆಸ್ತಿಯ ಲೆಕ್ಕ ಅನ್ನೋದು ನನ್ನ ವಾದ. ಅದನ್ನು ಹುಡುಕಿಕೊಂಡು ಕಾಶಿಗೆ ಹೋಗಬೇಕಾಗಿಲ್ಲ, ನಮ್ಮ ಬಸವಕಲ್ಯಾಣ ಸಾಕು. ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಅಲ್ಲಿ, ವಿಜ್ಞಾನೇಶ್ವರ ಅನ್ನೋ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನ ಬರೆದ. ಅದರ ಪ್ರಕಾರ ಪಿತ್ರಾರ್ಜಿತದಲ್ಲಿ ಗಂಡುಮಗನಿಗೆ ಹುಟ್ಟಿದಾಕ್ಷಣ ಹಕ್ಕು. ಬಂಗಾಳದ ಕಡೆ ಬಿಟ್ಟರೆ ದೇಶದ ಹೆಚ್ಚುಕಡಿಮೆ ಎಲ್ಲ ಹಿಂದೂ ಮನೆಗಳ ಆಸ್ತಿ ಇದೇ ದಾರಿಯಲ್ಲಿ ಹಂಚಿಕೆಯಾಯಿತು.

ಇಲ್ಲೊಂದು ಸ್ವಾರಸ್ಯ ಇದೆ. ಅದೇ ವಿಜ್ಞಾನೇಶ್ವರ ಸ್ತ್ರೀಧನದ, ಅಂದರೆ ಹೆಣ್ಣಿನ ಸ್ವಂತ ಆಸ್ತಿಯ, ವಿಷಯಕ್ಕೆ ಬಂದಾಗ ಕೈ ಬಿಚ್ಚಿದ್ದ. ತವರಿನ ಉಡುಗೊರೆ ಮಾತ್ರ ಅಲ್ಲ, ವಾರಸಾಗಿ ಬಂದದ್ದೂ ಪಾಲಿನಲ್ಲಿ ಸಿಕ್ಕಿದ್ದೂ ಅವಳದ್ದೇ ಅಂದ. ಬ್ರಿಟಿಷರ ಕಾಲಕ್ಕೆ ಈ ಮಾತು ಕೋರ್ಟು ಹತ್ತಿತು. 1867ರಲ್ಲಿ, ಆಗ ನಮ್ಮ ಮೊಕದ್ದಮೆಗಳಿಗೆ ಕೊನೆಯ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್, ಗಂಡನಿಂದ ವಾರಸಾಗಿ ಬಂದ ಆಸ್ತಿ ಸ್ತ್ರೀಧನ ಅಲ್ಲ ಅಂತ ತೀರ್ಪು ಕೊಟ್ಟಿತು. ವಿಧವೆ ಉಂಡುಕೊಂಡಿರಬಹುದು, ಮನಸ್ಸು ಬಂದ ಹಾಗೆ ಮಾರೋ ಹಾಗಿಲ್ಲ. ಅವಳು ಹೋದ ಮೇಲೆ ಅದು ಗಂಡನ ಕಡೆಯವರಿಗೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬರೋ ತನಕ ಹೀಗೇ ನಡೆಯಿತು. ಶಾಸ್ತ್ರದಲ್ಲಿ ಗಂಡಿಗೆ ಅನುಕೂಲವಾದದ್ದು ಕಾನೂನಾಯಿತು, ಹೆಣ್ಣಿಗೆ ಅನುಕೂಲವಾದದ್ದು ಪುಸ್ತಕದಲ್ಲೇ ಉಳಿಯಿತು. 'ಧರ್ಮ ಉಳಿಸಿ' ಅನ್ನೋರ ಬಾಯಲ್ಲಿ ವಿಜ್ಞಾನೇಶ್ವರನ ಆ ಸ್ತ್ರೀಧನದ ಮಾತು ನಾನಂತೂ ಕೇಳಿಲ್ಲ.

ಹುಟ್ಟಿನ ಹಕ್ಕು ಮಗಳಿಗೆ ಬಂದದ್ದು ಯಾವಾಗ? ಕರ್ನಾಟಕದಲ್ಲಿ 1994ಕ್ಕೆ. ಅದೂ ಅಷ್ಟರೊಳಗೆ ಮದುವೆಯಾದವರನ್ನು ಬಿಟ್ಟು! ದೇಶಕ್ಕೆಲ್ಲ 2005ಕ್ಕೆ. ಆಗ ಅಪ್ಪ ಬದುಕಿರಬೇಕಿತ್ತೋ ಬೇಡವೋ ಅನ್ನೋ ತಗಾದೆ, ಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದ ಮೇಲೆ ಮುಗಿಯಿತು.

ಕಾಗದದಲ್ಲಿ ಮುಗಿಯಿತು ಅನ್ನಿ. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ನೋಡಿ, ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತೋಕೆ ಬಂದ ಅಕ್ಕತಂಗಿಯರು ಸಿಗ್ತಾರೆ. ತವರು ಬೇಕೋ, ಪಾಲು ಬೇಕೋ ಅಂತ ಅವರನ್ನು ಕೇಳಿರ್ತಾರೆ. ಅಣ್ಣನನ್ನು ಯಾರೂ ಹಾಗೆ ಕೇಳಿರೋದಿಲ್ಲ.