ಔಷಧದ ಚೀಟಿ ಬರೆಯುವಾಗ ಋತುಚಕ್ರವನ್ನೂ ಕೇಳಬೇಕು

ನಮಸ್ಕಾರ. ಒಬ್ಬಳೇ ಮಹಿಳೆಗೆ, ಒಂದೇ ಪ್ರಮಾಣದ ಉತ್ತೇಜಕ ಔಷಧವನ್ನು ಒಂದೇ ತಿಂಗಳ ಎರಡು ದಿನ ಕೊಟ್ಟರೂ ಅವಳ ಮಿದುಳು ಎರಡು ಬಗೆಯಲ್ಲಿ ಸ್ಪಂದಿಸಬಹುದು. ಶಿಕಾಗೊ ವಿಶ್ವವಿದ್ಯಾಲಯದ ಹ್ಯಾರಿಯೆಟ್ ಡಿ ವಿಟ್ ಮತ್ತು ಅವರ ಸಹೋದ್ಯೋಗಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಂಫೆಟಮಿನ್ ಎಂಬ ಉತ್ತೇಜಕವನ್ನು ಸೇವಿಸಿದ ಆರೋಗ್ಯವಂತ ಮಹಿಳೆಯರು ಅಂಡೋತ್ಪತ್ತಿಗೆ ಮುಂಚಿನ ದಿನಗಳಲ್ಲಿ ಹೆಚ್ಚು ಉಲ್ಲಾಸವನ್ನೂ ಚೈತನ್ಯವನ್ನೂ ಅನುಭವಿಸಿದರು. ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಏರಿರುವ, ಚಕ್ರದ ಉತ್ತರಾರ್ಧದಲ್ಲಿ ಅದೇ ಔಷಧದ ಪ್ರಭಾವ ಕುಗ್ಗಿತ್ತು.

ಇದಕ್ಕೆ ಕಾರಣವೇನೆಂಬುದನ್ನು ಮಿಶಿಗನ್ ವಿಶ್ವವಿದ್ಯಾಲಯದ ಜಿಲ್ ಬೆಕರ್ 1980ರ ದಶಕದಿಂದಲೂ ಇಲಿಗಳಲ್ಲಿ ಹುಡುಕುತ್ತಾ ಬಂದಿದ್ದಾರೆ. ಹೆಣ್ಣು ಇಲಿಯ ಚಕ್ರ ನಾಲ್ಕೈದು ದಿನಗಳದ್ದು. ಅದರ ಹಂತ ಬದಲಾದಂತೆ, ಆಂಫೆಟಮಿನ್ ಕೊಟ್ಟಾಗ ಮಿದುಳಿನ ಸ್ಟ್ರಯೇಟಮ್ ಎಂಬ ಭಾಗದಲ್ಲಿ ಬಿಡುಗಡೆಯಾಗುವ, ಪ್ರೇರಣೆ ಉಲ್ಲಾಸಗಳಿಗೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕ ಕೂಡ ಏರಿಳಿಯುತ್ತದೆ. ಅಂಡಾಶಯವನ್ನು ತೆಗೆದರೆ ಆ ಬಿಡುಗಡೆ ತಗ್ಗುತ್ತದೆ, ಈಸ್ಟ್ರೋಜನ್ನಿನ ಮುಖ್ಯ ರೂಪವಾದ ಎಸ್ಟ್ರಡಯಾಲನ್ನು ಕೊಟ್ಟರೆ ಸುಮಾರು ಅರ್ಧ ಗಂಟೆಯಲ್ಲೇ ಮತ್ತೆ ಹೆಚ್ಚುತ್ತದೆ. ಈ ವೇಗ ನನ್ನನ್ನು ಬಹಳವಾಗಿ ಸೆಳೆದ ಸಂಗತಿ. ಹಾರ್ಮೋನುಗಳು ಜೀನ್‌ಗಳನ್ನು ಎಚ್ಚರಿಸಿ ಕೆಲಸ ಮಾಡುತ್ತವೆ, ಅದಕ್ಕೆ ಗಂಟೆಗಳೋ ದಿನಗಳೋ ಬೇಕು ಎಂದು ನಾವು ಓದಿದ್ದೇವೆ; ಇಲ್ಲಿ ಎಸ್ಟ್ರಡಯಾಲ್ ನರಕೋಶದ ಪೊರೆಯಲ್ಲೇ ಇರುವ ಗ್ರಾಹಕಗಳ (ಹಾರ್ಮೋನಿನ ಸಂದೇಶ ಹಿಡಿಯುವ ಪ್ರೋಟೀನುಗಳ) ಮೂಲಕ ವರ್ತಿಸಿ, ಸ್ಟ್ರಯೇಟಮಿನಲ್ಲಿ ಗಾಬಾ ಎಂಬ ತಡೆಯೊಡ್ಡುವ ರಾಸಾಯನಿಕವನ್ನು ಸ್ರವಿಸುವ ಕೋಶಗಳಿಗೆ ಕ್ಯಾಲ್ಸಿಯಂ ಒಳಬರುವುದನ್ನು ತಗ್ಗಿಸುತ್ತದೆ. ಅದರಿಂದ ಗಾಬಾ ಸ್ರಾವ ಕುಗ್ಗಿ, ಡೋಪಮೈನ್ ಬಿಡುಗಡೆಯ ಮೇಲೆ ಅದು ಹಿಡಿದಿದ್ದ ಕಡಿವಾಣ ಹೀಗೆ ಸಡಿಲವಾಗುತ್ತದೆ ಎಂಬುದು ಬೆಕರ್ ಅವರ ವಿವರಣೆ. ವೃಷಣ ತೆಗೆದ ಗಂಡು ಇಲಿಗಳಿಗೆ ಅದೇ ಎಸ್ಟ್ರಡಯಾಲ್ ಕೊಟ್ಟರೆ ಇಂಥ ಹೆಚ್ಚಳ ಕಾಣಲಿಲ್ಲ. 2017ರಲ್ಲಿ ಎರಿನ್ ಕಾಲಿಪಾರಿ ಮತ್ತು ಸಂಗಡಿಗರು ಹೆಣ್ಣು ಸುಂಡಿಲಿಗಳಲ್ಲಿ ಇನ್ನೊಂದು ದಾರಿಯನ್ನು ತೋರಿಸಿದರು: ಚಕ್ರದ ಕೆಲವು ದಿನಗಳಲ್ಲಿ ಡೋಪಮೈನ್ ನರಕೋಶಗಳೇ ಹೆಚ್ಚು ಚುರುಕಾಗಿರುತ್ತವೆ, ಮತ್ತು ಡೋಪಮೈನನ್ನು ಮರಳಿ ಹೀರಿಕೊಳ್ಳುವ ಪ್ರೋಟೀನನ್ನು ಕೊಕೇನ್ ಆಗ ಇನ್ನಷ್ಟು ಬಲವಾಗಿ ತಡೆಯುತ್ತದೆ.

ಇದನ್ನು ಹೆಣ್ಣಿನ ದೌರ್ಬಲ್ಯವೆಂದು ಓದುವವರನ್ನು ನಾನು ಒಪ್ಪುವುದಿಲ್ಲ. ಗಂಡಸರ ಮಿದುಳಿನಲ್ಲಿಯೂ ಹಾರ್ಮೋನುಗಳಿವೆ, ಮಾದಕ ವ್ಯಸನ ಗಂಡಸರಲ್ಲೇನೂ ಕಡಿಮೆಯಿಲ್ಲ, ಮತ್ತು ಚಟ ಹತ್ತುವುದರಲ್ಲಿ ಬಡತನ, ಹಿಂಸೆ, ಒಂಟಿತನಗಳ ಪಾತ್ರವನ್ನು ಯಾವ ಹಾರ್ಮೋನೂ ಅಳಿಸಲಾರದು. ಆದರೆ ಈ ವ್ಯತ್ಯಾಸವನ್ನು ಸಂಶೋಧನೆಗೆ ತೊಡಕೆಂದು ಬದಿಗೆ ತಳ್ಳಿದ ಪರಂಪರೆಯ ಬಗ್ಗೆ ನನಗೆ ನಿಜವಾದ ಸಿಟ್ಟಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1977ರಲ್ಲಿ, ಗರ್ಭ ಧರಿಸಬಲ್ಲ ಮಹಿಳೆಯರನ್ನು ಔಷಧ ಪ್ರಯೋಗಗಳ ಆರಂಭದ ಹಂತಗಳಿಂದ ದೂರವಿಡಬೇಕೆಂದು ಹೇಳಿತು. ಆ ಮಾರ್ಗಸೂಚಿ ಬದಲಾದದ್ದು 1993ರಲ್ಲಿ. ಪ್ರಯೋಗಾಲಯದ ಪ್ರಾಣಿಗಳ ಕಥೆಯೂ ಬೇರೆಯಲ್ಲ: ನರವಿಜ್ಞಾನದಲ್ಲಿ ಗಂಡನ್ನಷ್ಟೇ ಬಳಸಿದ ಅಧ್ಯಯನಗಳು ಹೆಣ್ಣನ್ನಷ್ಟೇ ಬಳಸಿದವುಗಳ ಐದೂವರೆ ಪಟ್ಟು ಇದ್ದವು ಎಂದು 2011ರ ಒಂದು ಸಮೀಕ್ಷೆ ಲೆಕ್ಕ ಹಾಕಿತು. ಚಕ್ರವಿರುವುದರಿಂದ ಹೆಣ್ಣು ಪ್ರಾಣಿಗಳ ಫಲಿತಾಂಶ ಚದುರಿಹೋಗುತ್ತದೆ ಎಂಬುದು ಕೊಡುತ್ತಿದ್ದ ಕಾರಣ. ಆದರೆ ಸುಂಡಿಲಿಗಳ ಮೇಲಿನ 293 ಲೇಖನಗಳನ್ನು ಪರಿಶೀಲಿಸಿದ 2014ರ ವಿಶ್ಲೇಷಣೆಯಲ್ಲಿ, ಒಟ್ಟಾರೆಯಾಗಿ ಹೆಣ್ಣುಗಳು ಗಂಡುಗಳಿಗಿಂತ ಹೆಚ್ಚು ಏರುಪೇರಾಗಿರಲಿಲ್ಲ.

ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಗೆ, ಅಂದರೆ ಎಡಿಎಚ್‌ಡಿಗೆ, ಉತ್ತೇಜಕ ಔಷಧ ತೆಗೆದುಕೊಳ್ಳುವ ಮಹಿಳೆಯರಿಗೆ ಇದು ದಿನನಿತ್ಯದ ಪ್ರಶ್ನೆ. ಮುಟ್ಟಿಗೆ ಮುಂಚಿನ ವಾರ ಮಾತ್ರೆ ನಾಟುವುದೇ ಇಲ್ಲ ಎಂದು ಅವರಲ್ಲಿ ಹಲವರು ಹೇಳುತ್ತಾರೆ. ನೆದರ್ಲೆಂಡ್ಸಿನಲ್ಲಿ ಒಂಬತ್ತು ಮಹಿಳೆಯರಿಗೆ ಆ ದಿನಗಳಲ್ಲಿ ಮಾತ್ರ ಪ್ರಮಾಣವನ್ನು ಹೆಚ್ಚಿಸಿ ನೋಡಿದಾಗ ಅವರ ಗಮನವೂ ಮನಃಸ್ಥಿತಿಯೂ ಸುಧಾರಿಸಿದವೆಂದು 2023ರಲ್ಲಿ ವರದಿಯಾಯಿತು. ಒಂಬತ್ತು ಜನ ತೀರ ಕಡಿಮೆ, ಹೋಲಿಸಿ ನೋಡಲು ಬೇರೆ ಗುಂಪೂ ಇರಲಿಲ್ಲ. ಇದನ್ನು ನಂಬಿ ಯಾರೂ ತಾವಾಗಿಯೇ ಮಾತ್ರೆಯ ಪ್ರಮಾಣವನ್ನು ಬದಲಿಸಬಾರದು. ಆದರೆ ದೊಡ್ಡ ಪ್ರಯೋಗವೊಂದನ್ನು ನಡೆಸಲು ಇಷ್ಟು ಸುಳಿವು ಸಾಕು. ಮಹಿಳೆಯರನ್ನು ಸೇರಿಸಿಕೊಂಡರಷ್ಟೇ ಆಗದು, ಚಕ್ರದ ಯಾವ ದಿನ ಅಳತೆ ನಡೆಯಿತೆಂಬುದನ್ನೂ ಗರ್ಭನಿರೋಧಕ ಮಾತ್ರೆಯ ಬಳಕೆಯನ್ನೂ ಪ್ರತಿ ಅಧ್ಯಯನವೂ ದಾಖಲಿಸಬೇಕು. ಅಲ್ಲಿಯವರೆಗೆ ವೈದ್ಯರಲ್ಲಿ ನನ್ನ ಕೋರಿಕೆ ಇಷ್ಟೇ: ಔಷಧ ಕೆಲವು ದಿನ ಕೆಲಸ ಮಾಡುವುದಿಲ್ಲ ಎಂದು ಮಹಿಳೆಯೊಬ್ಬಳು ಹೇಳಿದಾಗ, ಮಾತ್ರೆಯನ್ನು ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳುವುದರ ಜೊತೆಗೆ, ಆ ದಿನಗಳು ಯಾವುವು ಎಂದೂ ಕೇಳಿ, ಎರಡು ಮೂರು ತಿಂಗಳು ಬರೆದಿಟ್ಟು ತರಲು ಹೇಳಿ.