ಸೇವೆ ಎನ್ನಬೇಡಿ, ನೌಕರಿ ಎನ್ನಿ

ನಮಸ್ಕಾರ. ಕಳೆದ ಭಾನುವಾರ ಮಾಟುಂಗಾದಲ್ಲಿ ನಡೆದ ಕನ್ನಡ ಸಮಾರಂಭವೊಂದರಲ್ಲಿ, ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಹಿರಿಯರೊಬ್ಬರು, ನನ್ನ ತಂಗಿ ನೆರವು ಸಂಸ್ಥೆಯೊಂದರ ಕೆಲಸ ಕಳೆದುಕೊಂಡು ದಕ್ಷಿಣ ಸುಡಾನ್‌ನಿಂದ ಮರಳಿದ ಸಂಗತಿ ತಿಳಿದು, “ಅದಕ್ಕೇಕೆ ಇಷ್ಟು ಬೇಸರ? ಸೇವೆ ತಾನೆ, ಇಲ್ಲೇ ಎಲ್ಲಾದರೂ ಮಾಡಿದರಾಯಿತು” ಎಂದರು. ಎಲೆಯ ಮುಂದೆ ಕುಳಿತು ಹಿರಿಯರಿಗೆ ಎದುರಾಡಬಾರದೆಂದು ಆಗ ಸುಮ್ಮನಿದ್ದೆ. ಇಂದು ಉತ್ತರ ಕೊಡುತ್ತೇನೆ: ಅದು ಸೇವೆಯಲ್ಲ, ನೌಕರಿ.

ತಂಗಿ ದೇವನಾರ್‌ನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಮಹಾರಾಷ್ಟ್ರದ ಮೇಳಘಾಟದ ಹಳ್ಳಿಗಳಲ್ಲಿ ನಾಲ್ಕು ವರ್ಷ ದುಡಿದು, ಆಮೇಲೆ ದಕ್ಷಿಣ ಸುಡಾನ್‌ನ ರಾಜಧಾನಿ ಜೂಬಾಕ್ಕೆ ಹೋದವಳು. ಅವಳ ಚೀಲದಲ್ಲಿ ಬಣ್ಣದ ಅಳತೆಪಟ್ಟಿಯೊಂದು ಸದಾ ಇರುತ್ತದೆ. ಮಗುವಿನ ಎಡತೋಳಿಗೆ, ಭುಜ ಮತ್ತು ಮೊಣಕೈಗಳ ನಟ್ಟನಡುವೆ ಅದನ್ನು ಸುತ್ತಿದಾಗ ಅಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದು ಕೆಂಪು ಕಂಡರೆ ತೀವ್ರ ಅಪೌಷ್ಟಿಕತೆ ಎಂದರ್ಥ. ಅಂಥ ಮಗುವಿಗೆ 92 ಗ್ರಾಂನ, 500 ಕ್ಯಾಲೊರಿಯ ಶೇಂಗಾ ಪೇಸ್ಟಿನ ಪೊಟ್ಟಣಗಳನ್ನು ತೂಕಕ್ಕೆ ತಕ್ಕಂತೆ ಎಣಿಸಿ ಕೊಡಬೇಕು. ಪಟ್ಟಿಯನ್ನು ಬಿಗಿಯಾಗಿ ಎಳೆದರೆ ಆರೋಗ್ಯವಂತ ಮಗುವೂ ಕೆಂಪಿಗೆ ಬರುತ್ತದೆ, ಸಡಿಲ ಬಿಟ್ಟರೆ ಸಾವಿನಂಚಿನ ಮಗು ಬರಿಗೈಯಲ್ಲಿ ಮನೆಗೆ ಹೋಗುತ್ತದೆ. ಇದು ಕಲಿತು ಮಾಡುವ ಕಸುಬು. ಇದು ನೌಕರಿ.

ನಮ್ಮ ಅಪ್ಪ ಕುಂದಾಪುರದಿಂದ ಬಂದು, ಫೋರ್ಟ್‌ನ ಹೋಟೆಲಿನಲ್ಲಿ ಹಗಲು ದುಡಿದು, ರಾತ್ರಿಶಾಲೆಯಲ್ಲಿ ಕನ್ನಡ ಓದಿದವರು. ಅವರೂ ಹಸಿದವರಿಗೇ ಬಡಿಸಿದರು. ಆದರೂ ತಿಂಗಳ ಕೊನೆಗೆ ಸಂಬಳ ಕೇಳಿದಾಗ ‘ಅನ್ನದಾನ ಮಾಡಿದೆ ಎಂದುಕೊಳ್ಳಪ್ಪ’ ಎಂದು ಯಾರೂ ಅವರನ್ನು ಹಿಂದಕ್ಕೆ ಕಳಿಸಲಿಲ್ಲ.

ಒಬ್ಬರ ದುಡಿಮೆಗೆ ಸೇವೆ ಎಂಬ ಹೆಸರಿಟ್ಟ ಕೂಡಲೇ ಅವರ ಹಕ್ಕು ಸಣ್ಣದಾಗುತ್ತದೆ. 1975ರಲ್ಲಿ ಆರಂಭವಾದ ಯೋಜನೆಯ ನಮ್ಮ ಅಂಗನವಾಡಿ ಕಾರ್ಯಕರ್ತೆಯರು ಇಂದಿಗೂ ಪಡೆಯುವುದು ಸಂಬಳವನ್ನಲ್ಲ, ಗೌರವಧನವನ್ನು. ಅವರಿಗೂ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದದ್ದು 2022ರಲ್ಲಿ. ತಂಗಿಯದೂ ವರ್ಷ ವರ್ಷಕ್ಕೆ ನವೀಕರಿಸುವ ಒಪ್ಪಂದವೇ ಆಗಿತ್ತು. 2025ರ ಜನವರಿ 20ರಂದು ಅಮೆರಿಕ ತನ್ನ ವಿದೇಶಿ ನೆರವನ್ನು 90 ದಿನ ತಡೆಹಿಡಿಯಿತು. ಆ ಸರ್ಕಾರದ ನೆರವು ಸಂಸ್ಥೆಯಾಗಿ 1961ರಿಂದ ನಡೆದುಬಂದ ಯುಎಸ್‌ಏಡ್‌ನ ನೆರವಿನ ಕೆಲಸ ಅದೇ ವರ್ಷದ ಜುಲೈ 1ಕ್ಕೆ ನಿಂತೇಹೋಯಿತು. ಆ ಹಣದಿಂದಲೇ ನಡೆಯುತ್ತಿದ್ದ ತಂಗಿಯ ಸಂಸ್ಥೆ ಅವಳನ್ನು ಒಂದು ಇಮೇಲ್‌ನಲ್ಲಿ ಬಿಡುಗಡೆ ಮಾಡಿತು. “ನಿಮ್ಮ ಸೇವೆಗೆ ಕೃತಜ್ಞರಾಗಿದ್ದೇವೆ” ಎಂದು ಅದರ ಕೊನೆಯಲ್ಲಿತ್ತು. ಪರಿಹಾರದ ಮಾತು ಎಲ್ಲಿಯೂ ಇರಲಿಲ್ಲ.

ಡಾಲರಿನಲ್ಲಿ ಎಣಿಸುತ್ತಾರಲ್ಲ ಎನ್ನುವವರಿದ್ದಾರೆ. ವಿಶ್ವಸಂಸ್ಥೆಯ ‘ಪಿ’ ದರ್ಜೆಯ, ಅಂದರೆ ಅಂತರರಾಷ್ಟ್ರೀಯವಾಗಿ ನೇಮಕವಾಗುವ ವೃತ್ತಿಪರ ಹುದ್ದೆಗಳಲ್ಲಿ ಒಳ್ಳೆಯ ಸಂಬಳವಿದೆ, ಒಪ್ಪಿದೆ. ಆದರೆ ಈ ಕ್ಷೇತ್ರದಲ್ಲಿ ಬಹುಪಾಲು ಜನ ಆಯಾ ದೇಶದಲ್ಲೇ ನೇಮಕಗೊಂಡವರು, ಅವರಿಗೆ ಆ ದರ್ಜೆಯೂ ಇಲ್ಲ, ಆ ಸಂಬಳವೂ ಇಲ್ಲ. 2024ರಲ್ಲಿ ಕೊಲ್ಲಲ್ಪಟ್ಟ 383 ನೆರವು ಕಾರ್ಯಕರ್ತರಲ್ಲಿ ಹೆಚ್ಚಿನವರು ಅಂಥವರೇ. ಭದ್ರತೆ ಬೇಕಿದ್ದರೆ ಬ್ಯಾಂಕಿಗೆ ಸೇರಬೇಕಿತ್ತು ಎನ್ನುವವರ ಮಾತಿಗೆ ನಾನು ಬೆಲೆಯನ್ನೇ ಕೊಡುವುದಿಲ್ಲ. ಎಲ್ಲರೂ ಬ್ಯಾಂಕಿಗೆ ಸೇರಿದರೆ ಆ ಅಳತೆಪಟ್ಟಿ ಹಿಡಿಯುವವರು ಯಾರು?

ಅಪ್ಪ ತೀರಿಕೊಂಡಾಗ ಅವಳು ಅಡಿಸ್ ಅಬಾಬಾ ಮೂಲಕ ಡೊಂಬಿವಲಿಯ ಮನೆ ತಲುಪಿದ್ದು ಮೂರನೆಯ ದಿನ. ಜೂಬಾ ನಮಗಿಂತ ಮೂರೂವರೆ ಗಂಟೆ ಹಿಂದೆ ಎಂಬುದನ್ನು ಲೆಕ್ಕ ಹಾಕಿ, ಅಮ್ಮ ರಾತ್ರಿ ಹನ್ನೊಂದರವರೆಗೆ ಫೋನು ಹಿಡಿದು ಕೂರುತ್ತಿದ್ದರು. ಕುಟುಂಬವನ್ನು ಕರೆದೊಯ್ಯುವಂತಿಲ್ಲದ ಜಾಗವೆಂದು ತಿಳಿದು ಮೂರು ಸಂಬಂಧಗಳು ಹಿಂದೆ ಸರಿದವು. ಇಷ್ಟು ತೆತ್ತವಳಿಗೆ ನೌಕರಿ ಎಂಬ ಮಾತನ್ನೂ ಕೊಡಲಾರಿರಾ?

ಈ ಸಂಚಿಕೆಯನ್ನು ಮನೆಯ ಹಿರಿಯರಿಗೆ ಕೇಳಿಸಿ, ಚಾನೆಲ್‌ಗೆ ಚಂದಾದಾರರಾಗಿ. ಮುಂದಿನ ವಾರ ತಂಗಿಯೇ ಬಂದು ಮಾತನಾಡುತ್ತಾಳೆ. ನೌಕರಿ, ನೌಕರಿ, ನೌಕರಿ. ಇನ್ನು ನೂರು ಸಲ ಬೇಕಾದರೂ ಹೇಳುತ್ತೇನೆ. ಮಾಟುಂಗಾದ ಆ ಹಿರಿಯರು ಇದನ್ನು ಕೇಳುತ್ತಿದ್ದರೆ ಒಂದೇ ವಿನಂತಿ: ಮುಂದಿನ ಪಂಕ್ತಿಯಲ್ಲಿ ಅವಳು ಸಿಕ್ಕಾಗ, “ಬೇರೆ ಕೆಲಸ ಸಿಕ್ಕಿತೇನಮ್ಮ?” ಎಂದು ಕೇಳಿ.